ಅಲಂಕಾರದ ಪಟ್ಟಿ ಬದಿಗಿಟ್ಟು ವಾಲಿಯ ಪ್ರಶ್ನೆ ಕೇಳಿಸಿ: ಇಂಗ್ಲಿಷ್ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಕೋಟೇಶ್ವರ, ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹೈಸ್ಕೂಲು ಮತ್ತು ಪದವಿಪೂರ್ವ ಕಾಲೇಜುಗಳ ಇಂಗ್ಲಿಷ್ ಶಿಕ್ಷಕ ಬಂಧುಗಳೇ,

ಕೋಟೇಶ್ವರದ ಕೊಡಿ ಹಬ್ಬದ ತೇರು ಮುಗಿದು ಕಬ್ಬಿನ ಕೊಡಿ ಮನೆ ಸೇರಿದ ಮೇಲೆ ನಮ್ಮ ಕಡೆಯ ಶಾಲೆ ಕಾಲೇಜುಗಳಲ್ಲಿ ಪೋರ್ಷನ್ ಮುಗಿಸಿ ರಿವಿಷನ್ ಹಿಡಿಯುವ ಗಡಿಬಿಡಿ ಶುರುವಾಗುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಆಗ ತಪ್ಪದೆ ಬರುವ ಬಾಬತ್ತು ಲಿಟರರಿ ಟರ್ಮ್ಸ್, ಫಿಗರ್ಸ್ ಆಫ್ ಸ್ಪೀಚ್. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಅಲಿಟರೇಷನ್, ಹೈಪರ್ಬೊಲಿ, ಐರನಿ, ರೆಟರಿಕಲ್ ಕ್ವೆಶ್ಚನ್ ಎಂದು ಬೋರ್ಡಿನ ಎಡಕ್ಕೆ ಹೆಸರು, ನಡುವೆ ಒಂದು ಸಾಲಿನ ಲಕ್ಷಣ, ಬಲಕ್ಕೆ ಗೈಡಿನಲ್ಲಿರುವ ಉದಾಹರಣೆ. ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಸಿಗಬೇಕಾದ ಅಂಕ ತೆಗೆಯುತ್ತಾರೆ, ರಜೆ ಬರುವಷ್ಟರಲ್ಲಿ ಮರೆಯುತ್ತಾರೆ. ಇದೇ ತಿಂಗಳುಗಳಲ್ಲಿ ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ಹರಕೆ ಬಯಲಾಟ ಊರೂರಿನ ಗದ್ದೆಗಳಲ್ಲಿ ನಡೆಯುತ್ತಿರುತ್ತದೆ. ಅಲ್ಲಿ ಕೂತ ಹುಡುಗನೋ ಹುಡುಗಿಯೋ ಒಂದೇ ರಾತ್ರಿಯಲ್ಲಿ ಆ ಪಟ್ಟಿಯ ಬಹುಪಾಲನ್ನು ಕಿವಿಯಾರೆ ಕೇಳಿ, ಯಾವ ಮಾತು ನಾಟಿತು, ಯಾವುದು ನಾಟಲಿಲ್ಲ ಎಂದು ಪಕ್ಕದವರೊಂದಿಗೆ ಚರ್ಚೆಯನ್ನೂ ಮಾಡಿರುತ್ತಾರೆ. ಬೆಳಿಗ್ಗೆ ತರಗತಿಗೆ ಬಂದಾಗ ಆ ತಿಳಿವಳಿಕೆಯನ್ನು ಯಾರೂ ಕೇಳುವುದಿಲ್ಲ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ: ಅಲಂಕಾರವನ್ನು ಕಲಿಸುವುದೆಂದರೆ ಅದು ಮಾತಿನಲ್ಲಿ ಯಾವ ಕೆಲಸ ಮಾಡುತ್ತದೆಂದು ತೋರಿಸುವುದು, ಹಾಗೆ ತೋರಿಸಲು ನಮ್ಮ ಸೀಮೆಯಲ್ಲಿ ಅರ್ಥಗಾರಿಕೆಗಿಂತ, ಅಂದರೆ ಯಕ್ಷಗಾನದ ಪದ್ಯಕ್ಕೆ ಪಾತ್ರಧಾರಿ ಆಶುವಾಗಿ ಕಟ್ಟುವ ಮಾತಿಗಿಂತ, ಹತ್ತಿರದ ದಾರಿ ಇನ್ನೊಂದಿಲ್ಲ. ಆದ್ದರಿಂದ ಇಂಗ್ಲಿಷ್ ತರಗತಿಯ ಪುನರಾವರ್ತನೆ ಅಲ್ಲಿಂದ ಹೊರಡಬೇಕು.

ಹೆಸರು ಗುರುತಿಸುವುದಕ್ಕೂ ಕೆಲಸ ತಿಳಿಯುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ನೋಡಲು ದೂರ ಹೋಗಬೇಕಾಗಿಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಬಂದಿರುವ ಪೋರ್ಷಿಯಾಳ ಮಾತನ್ನೇ ತೆಗೆದುಕೊಳ್ಳಿ. ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೆಯ ಅಂಕ, ನ್ಯಾಯಸ್ಥಾನ. ದಯೆಯನ್ನು ಆಕಾಶದಿಂದ ಮೆಲ್ಲಗೆ ಸುರಿಯುವ ಮಳೆಗೆ ಹೋಲಿಸಿದ್ದಾಳೆ, ಆದ್ದರಿಂದ ಸಿಮಿಲಿ ಎಂದು ಬರೆದರೆ ಉತ್ತರ ಸರಿ. ಆದರೆ ಮಳೆಯೇ ಏಕೆ? ಹೂವಿಗೋ ಬೆಳದಿಂಗಳಿಗೋ ಹೋಲಿಸಿದ್ದರೆ ಆಗುತ್ತಿರಲಿಲ್ಲವೇ? ಪಠ್ಯಕ್ಕೆಂದು ಕತ್ತರಿಸಿಕೊಂಡ ಭಾಗವನ್ನಷ್ಟೇ ಓದಿದರೆ ಇದಕ್ಕೆ ಉತ್ತರ ಸಿಗದು. ಅದರ ಹಿಂದಿನ ಕ್ಷಣದಲ್ಲಿ, ತೀರದ ಸಾಲಕ್ಕೆ ಕರಾರಿನಂತೆ ಮಾಂಸ ಕೇಳುತ್ತಿರುವ ಶೈಲಾಕನು ದಯೆ ತೋರಲೇಬೇಕು ಎಂದು ಪೋರ್ಷಿಯಾ ಹೇಳಿರುತ್ತಾಳೆ; ತೋರಲೇಬೇಕೆಂಬ ಒತ್ತಾಯ ಎಲ್ಲಿಂದ ಬಂತು, ಹೇಳು ಎಂದು ಅವನು ತಿರುಗಿ ಕೇಳಿರುತ್ತಾನೆ. ಮಳೆಯ ಹೋಲಿಕೆ ಆ ಪ್ರಶ್ನೆಗೆ ಕೊಟ್ಟ ಉತ್ತರ. ಮಳೆಯನ್ನು ಯಾರೂ ಒತ್ತಾಯಿಸಿ ಸುರಿಸುವುದಿಲ್ಲ. ಸುರಿದಾಗ ಯಾರ ಗದ್ದೆ ಎಂದು ಅದು ನೋಡುವುದೂ ಇಲ್ಲ. ಒತ್ತಾಯದ ಮಾತನ್ನು ಎತ್ತಿದವನ ಎದುರು ಒತ್ತಾಯಕ್ಕೆ ಸಿಗದ ವಸ್ತುವೊಂದನ್ನು ಅವಳು ತಂದು ನಿಲ್ಲಿಸಿದ್ದಾಳೆ. ಹಾಗಾಗಿ ಆ ಸಿಮಿಲಿ ಚಂದಕ್ಕೆ ತೊಡಿಸಿದ್ದಲ್ಲ, ಅವಳ ವಾದವೇ ಅದು. ಮೆಲ್ಲಗೆ ಎಂಬ ವಿಶೇಷಣ ಕೂಡ ಸುಮ್ಮನೆ ಬಂದದ್ದಲ್ಲ. ಆಷಾಢದ ಮಳೆ ಹಂಚನ್ನೇ ಹಾರಿಸಿಕೊಂಡು ಹೋಗುವ ಊರಿನ ಮಕ್ಕಳಿಗೆ, ಎಲ್ಲ ಮಳೆಯೂ ದಯೆಯಂತಲ್ಲ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಒಂದು ಪದವನ್ನು ಅವಳು ಏಕೆ ಸೇರಿಸಿದಳೆಂದು ಕೇಳಿದರೆ ಸಾಕು, ಲಂಡನ್ನಿನ ಪಠ್ಯಪುಸ್ತಕ ಬರೆದವರಿಗಿಂತ ಚೆನ್ನಾಗಿ ನಮ್ಮ ಮಕ್ಕಳು ಹೇಳಬಲ್ಲರು.

ಇಲ್ಲಿ ನಿಮ್ಮ ಪಕ್ಕದ ಕೋಣೆಯ ಕನ್ನಡ ಪಾಠ ನಿಮ್ಮ ನೆರವಿಗೆ ಬರುತ್ತದೆ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆ ಅಲಂಕಾರದ ಹೆಸರು ಬರೆದರೆ ಬಿಡುವುದಿಲ್ಲ. ಲಕ್ಷಣ ಬರೆದು ಸಮನ್ವಯಗೊಳಿಸಬೇಕು. ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕ ಯಾವುದು, ಸಮಾನ ಧರ್ಮ ಯಾವುದು ಎಂದು ನಾಲ್ಕನ್ನೂ ಬಿಡಿಸಿ ಹೇಳಬೇಕು. ಈ ನಾಲ್ಕರಲ್ಲಿ ಕೊನೆಯದೇ ಕೀಲಿ. ಪೋರ್ಷಿಯಾಳ ಮಾತಿನಲ್ಲಿ ಸಮಾನ ಧರ್ಮ ಯಾವುದೆಂದು ಕೇಳಿದರೆ ಮಗು ಮೊದಲು ತಂಪು ಎನ್ನಬಹುದು, ಆಮೇಲೆ ಮೃದುತ್ವ ಎನ್ನಬಹುದು. ಶೈಲಾಕನ ಪ್ರಶ್ನೆಯನ್ನು ಓದಿಸಿದರೆ, ಯಾರ ಒತ್ತಾಯವೂ ಇಲ್ಲದೆ ತಾನಾಗಿ ಬರುವ ಗುಣ ಎಂಬ ಉತ್ತರಕ್ಕೆ ಬಂದು ನಿಲ್ಲುತ್ತದೆ. ಈ ಶಿಸ್ತನ್ನು ಕನ್ನಡ ಮಾಸ್ಟ್ರು ವರ್ಷವಿಡೀ ಕಷ್ಟಪಟ್ಟು ಕಲಿಸಿರುತ್ತಾರೆ. ಅದೇ ಮಗು ಇಂಗ್ಲಿಷ್ ಪೀರಿಯಡ್ಡಿಗೆ ಬಂದರೆ ಅದೆಲ್ಲವನ್ನೂ ಬಾಗಿಲಾಚೆ ಬಿಟ್ಟು, ಲೈಕ್ ಅಥವಾ ಆ್ಯಸ್ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂಬ ಸುಲಭ ಸೂತ್ರಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಗಳಿಸಿದ್ದನ್ನು ಇಂಗ್ಲಿಷಿನಲ್ಲಿ ಕಳೆದುಕೊಳ್ಳುವ ಈ ವ್ಯವಸ್ಥೆಯನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಎರಡು ಕೋಣೆಗಳ ನಡುವೆ ಮಾತುಕತೆ ಇಲ್ಲದ್ದರಿಂದ ಆಗಿದ್ದು.

ಆದರೂ ಸಮನ್ವಯ ಅರ್ಧ ದಾರಿಗೆ ಮಾತ್ರ ಒಯ್ಯುತ್ತದೆ. ನಮ್ಮ ಅಲಂಕಾರಶಾಸ್ತ್ರ ಕಾವ್ಯದ ಸುತ್ತ ಬೆಳೆದದ್ದು. 9ನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಹಿಂಬಾಲಿಸಿ ದೋಷಗಳನ್ನೂ ಶಬ್ದಾಲಂಕಾರ, ಅರ್ಥಾಲಂಕಾರಗಳನ್ನೂ ಮೂರು ಪರಿಚ್ಛೇದಗಳಲ್ಲಿ ವಿವೇಚಿಸುತ್ತದೆ, ಅದರ ಕಣ್ಣು ಕವಿಯ ಮೇಲೆ. ಗ್ರೀಸಿನಲ್ಲಿ ಇದೇ ಸಾಮಗ್ರಿ ಇನ್ನೊಂದು ದಾರಿಯಲ್ಲೂ ಬೆಳೆಯಿತು. ಅರಿಸ್ಟಾಟಲ್ ರೂಪಕವನ್ನು ಕಾವ್ಯದ ಬಗೆಗಿನ ಗ್ರಂಥದಲ್ಲೂ ಚರ್ಚಿಸಿದ, ನ್ಯಾಯಸ್ಥಾನ ಮತ್ತು ಜನಸಭೆಯ ಭಾಷಣಕಲೆಯ ಬಗೆಗಿನ ಗ್ರಂಥದಲ್ಲೂ ಚರ್ಚಿಸಿದ. ಇಂಗ್ಲಿಷ್ ತರಗತಿಯಲ್ಲಿ ಲಿಟರರಿ ಡಿವೈಸ್ ಬೇರೆ, ರೆಟರಿಕಲ್ ಡಿವೈಸ್ ಬೇರೆ ಎಂದು ಎರಡು ಪಟ್ಟಿ ಬರುವುದರ ಮೂಲ ಅಲ್ಲಿದೆ. ಎರಡರ ನಡುವಿನ ಗೆರೆ ಎಲ್ಲಿ ಎಂದು ಕೇಳಿದರೆ ಗೈಡುಗಳ ಬಳಿ ಉತ್ತರವಿಲ್ಲ. ನಮ್ಮಲ್ಲಿ ವಾದದ ವಿಚಾರವನ್ನು ನೋಡಿಕೊಂಡದ್ದು ನ್ಯಾಯಶಾಸ್ತ್ರ: ತತ್ತ್ವ ತಿಳಿಯಲು ಮಾಡುವ ವಾದ, ಗೆಲ್ಲಲು ಮಾಡುವ ಜಲ್ಪ, ಎದುರಾಳಿಯನ್ನು ಖಂಡಿಸುವುದಷ್ಟನ್ನೇ ಉದ್ದೇಶವಾಗಿಸಿಕೊಂಡ ವಿತಂಡ. ಕಾವ್ಯದ ಅಲಂಕಾರವೂ ವಾದದ ಪಟ್ಟುಗಳೂ ಒಂದೇ ಕಡೆ, ಒಬ್ಬನೇ ಮನುಷ್ಯನ ಬಾಯಲ್ಲಿ, ಎದುರಾಳಿ ಮುಂದೆ ಕೂತಿರುವಾಗ ಕೂಡಿ ಬರುವ ಜಾಗ ಯಾವುದು ಎಂದು ಕೇಳಿದರೆ ನಮ್ಮ ಸೀಮೆಯವರು ತಡವರಿಸಬೇಕಾಗಿಲ್ಲ. ಅದು ಯಕ್ಷಗಾನದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಅದರ ಮೇಲೆ ಮಾತು. ಮೊದಲೇ ಬರೆದಿಟ್ಟ ಸಂಭಾಷಣೆ ಇಲ್ಲದಿರುವುದರಿಂದ ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹೊಸೆಯಬೇಕು.

‘ವಾಲಿವಧೆ’ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭ. ನೀನು ಮರೆಯಲ್ಲಿ ನಿಂತು ಹೊಡೆದದ್ದು ತಪ್ಪು ಎಂದು ವಾಲಿಯ ಅರ್ಥಧಾರಿ, ಅಂದರೆ ಆ ಪಾತ್ರವಾಗಿ ಮಾತಾಡುವವನು, ಹೇಳಬಹುದು. ಹಾಗೆ ಹೇಳಿದರೆ, ತಪ್ಪಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ರಾಮನಿಗೆ ಎಡೆ ಸಿಗುತ್ತದೆ. ಅದರ ಬದಲು, ಎದುರಿಗೆ ಬಂದು ನಿಲ್ಲದಂತೆ ನಿನ್ನನ್ನು ತಡೆದವರು ಯಾರು ಎಂದು ಕೇಳಿದನೆನ್ನಿ. ಈಗ ರಾಮನಿಗೆ ಯಾವ ಉತ್ತರವೂ ಸುಖದ್ದಲ್ಲ. ಯಾರೂ ತಡೆಯಲಿಲ್ಲ ಎಂದರೆ ಮರೆಗೆ ಹೋದದ್ದೇಕೆ? ಅಂಜಿಕೆ ಎಂದರೆ ಕ್ಷಾತ್ರ ಎಲ್ಲಿ ಹೋಯಿತು? ಸುಗ್ರೀವನ ಸ್ನೇಹ ಎಂದರೆ ಧರ್ಮದ ಮಾತು ಪಕ್ಷಪಾತಕ್ಕೆ ಇಳಿಯಿತು. ರೆಟರಿಕಲ್ ಕ್ವೆಶ್ಚನ್ ಎಂದರೆ ಉತ್ತರ ಬೇಡದ ಪ್ರಶ್ನೆ ಎಂದು ನೋಟ್ಸಿನಲ್ಲಿ ಬರೆಸುತ್ತೇವಲ್ಲ, ಅದು ಅರೆಬರೆ ಲಕ್ಷಣ. ಉತ್ತರಿಸಲು ಹೊರಟವನು ಯಾವ ದಾರಿ ಹಿಡಿದರೂ ಸಿಕ್ಕಿಬೀಳುವಂತೆ ಕಟ್ಟಿದ ಪ್ರಶ್ನೆ ಅದು. ಇನ್ನು ರಾಮನ ಅರ್ಥಧಾರಿ ಏನು ಮಾಡುತ್ತಾನೆ? ಪಳಗಿದವನಾದರೆ ಆ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ಇಲ್ಲ; ಪ್ರಶ್ನೆ ನಿಂತಿರುವ ನೆಲವನ್ನೇ ಅಲುಗಿಸುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಇದು ಯುದ್ಧವಲ್ಲ, ದಂಡನೆ ಎನ್ನುತ್ತಾನೆ. ಮೇಲಾಗಿ ನೀನು ಮೃಗ, ಮೃಗವನ್ನು ಬೇಟೆಯಾಡುವ ಅರಸನಿಗೆ ಮರೆಯ ದೋಷವಿಲ್ಲ ಎಂದೂ ಸೇರಿಸುತ್ತಾನೆ. ವಾಲಿ ಕಾಯುತ್ತಿದ್ದದ್ದು ಇದಕ್ಕೇ. ನಾನು ಮೃಗವಾದರೆ ತಮ್ಮನ ಹೆಂಡತಿ, ಅಣ್ಣನ ಹೆಂಡತಿ ಎಂಬ ಶಾಸ್ತ್ರ ನನಗೆಲ್ಲಿಯದು? ಶಾಸ್ತ್ರ ನನಗೂ ಉಂಟೆಂದಾದರೆ ವೀರನಿಗೆ ಸಲ್ಲುವ ಮರ್ಯಾದೆ ನನಗೆ ಏಕಿಲ್ಲ? ಇಂಗ್ಲಿಷಿನಲ್ಲಿ ಡಿಲೆಮಾ ಎಂದು ಪಟ್ಟಿಯ ತುದಿಯಲ್ಲೆಲ್ಲೋ ಬರುವ ಪಟ್ಟು ಇಲ್ಲಿ ಉಸಿರಾಡುತ್ತಿದೆ. ಅರ್ಥ ಕೇಳಿ ಬೆಳೆದ ಹದಿನೈದರ ಹರೆಯದ ಮಗುವಿಗೆ ಇದು ಹೊಸತಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಎಂಬುದಷ್ಟೇ ಹೊಸತು. ಹೆಸರು ಕೊನೆಗೆ ಬಂದಾಗ ಅದಕ್ಕೆ ಹಿಡಿದು ನಿಲ್ಲಲು ಒಂದು ವಸ್ತು ಇರುತ್ತದೆ.

ಇನ್ನೊಂದು ಜೋಡಿಯನ್ನೂ ಇಟ್ಟು ನೋಡಬೇಕು. ‘ಕೃಷ್ಣಸಂಧಾನ’ ಪ್ರಸಂಗದಲ್ಲಿ ಕೃಷ್ಣನ ಮಾತುಗಾರಿಕೆಗೆ ಕೊನೆಯಿಲ್ಲ, ಆದರೂ ಪಾಂಡವರಿಗೆ ಐದು ಊರು ಕೂಡ ಹುಟ್ಟುವುದಿಲ್ಲ. ಪೋರ್ಷಿಯಾಳ ಮಾತು ಎಷ್ಟು ಕೊಂಡಾಡಿಸಿಕೊಂಡರೂ ಶೈಲಾಕ ಜಗ್ಗುವುದಿಲ್ಲ. ತನಗೆ ಬೇಕಾದದ್ದು ಕಾನೂನು ಎಂದೇ ನಿಲ್ಲುತ್ತಾನೆ. ಕೊನೆಗೆ ಅವಳು ಗೆಲ್ಲುವುದು ಮಾಂಸ ಉಂಟು, ರಕ್ತ ಇಲ್ಲ ಎಂಬ ಕರಾರಿನ ಅಕ್ಷರ ಹಿಡಿದು. ಹಾಗಾದರೆ ಆ ಸೊಬಗಿನ ಮಾತೆಲ್ಲ ವ್ಯರ್ಥವೇ? ಸಂಧಾನ ಮುರಿಯುತ್ತದೆಂದು ಗೊತ್ತಿದ್ದೂ ನಮ್ಮ ಜನ ರಾತ್ರಿಯಿಡೀ ಕೂತು ಕೇಳುತ್ತಾರೆ, ಏಕೆಂದರೆ ಕೃಷ್ಣ ಮಾತಾಡುತ್ತಿರುವುದು ಕೌರವನೊಬ್ಬನಿಗಲ್ಲ. ಭೀಷ್ಮ ಕೇಳುತ್ತಿದ್ದಾನೆ, ವಿದುರ ಕೇಳುತ್ತಿದ್ದಾನೆ, ಸಭೆ ಕೇಳುತ್ತಿದೆ. ನಾಳೆ ಯುದ್ಧ ಬಂದಾಗ ಯಾರ ಹಟದಿಂದ ಬಂತೆಂದು ಸಾಕ್ಷಿ ಹೇಳಬೇಕಾದವರು ಅವರೆಲ್ಲ. ವೆನಿಸ್ಸಿನ ನ್ಯಾಯಸ್ಥಾನದಲ್ಲೂ ಡ್ಯೂಕ್ ಕೂತಿದ್ದಾನೆ, ಊರು ಕೂತಿದೆ. ಒಂದು ಮಾತು ಯಾರನ್ನು ಉದ್ದೇಶಿಸಿದೆ, ಯಾರ ಕಿವಿಗೆ ಬೀಳಲೆಂದು ಆಡಿದ್ದು ಎಂಬ ವ್ಯತ್ಯಾಸ ಅರಿಯದೆ ರೆಟರಿಕ್ ಎಂಬ ವಿಷಯಕ್ಕೆ ಪ್ರವೇಶವೇ ಇಲ್ಲ. ‘ಜೂಲಿಯಸ್ ಸೀಸರ್’ನಲ್ಲಿ ಆಂಟನಿ ಬ್ರೂಟಸನನ್ನು ಮತ್ತೆ ಮತ್ತೆ ಹೊಗಳುವುದೂ ಇದೇ ಬಗೆಯದು. ಸೀಸರನನ್ನು ಕೊಂದವರನ್ನು ದೂಷಿಸಕೂಡದೆಂಬ ಷರತ್ತಿನ ಮೇಲೆ ಅವನಿಗೆ ಮಾತಾಡಲು ಅವಕಾಶ ಸಿಕ್ಕಿರುವುದರಿಂದ, ಹೊಗಳಿಕೆಯ ಪದವನ್ನೇ ಹೊರಳಿಸಿ ಹೊರಳಿಸಿ ದೂಷಣೆಯಾಗುವವರೆಗೆ ಎಳೆಯುತ್ತಾನೆ. ಷರತ್ತನ್ನು ಬಿಟ್ಟು ಐರನಿ ಎಂಬ ಹೆಸರನ್ನಷ್ಟೇ ಹೇಳಿಕೊಟ್ಟರೆ ಮಗುವಿನ ಕೈಗೆ ಸಿಗುವುದು ಸಿಪ್ಪೆ.

ಇಷ್ಟಕ್ಕೆ ನಿಮ್ಮಲ್ಲಿ ಹಲವರ ಮೊದಲ ಆಕ್ಷೇಪ ಸಮಯದ್ದು. ಪೋರ್ಷನ್ ಮುಗಿಯುವುದೇ ಕಷ್ಟ, ನಡುವೆ ಸ್ಕೂಲ್ ಡೇ, ಸ್ಪೋರ್ಟ್ಸ್, ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆಪತ್ರಿಕೆ ಕೇಳುವುದು ಹೆಸರನ್ನು, ನೀವು ಹೇಳುವ ವೈಭವ ಯಾವ ಅಂಕಕ್ಕೆ ಎಂದು. ಇದನ್ನು ಹಗುರಾಗಿ ಕಾಣುವಂತಿಲ್ಲ. ಬೋರ್ಡ್ ಪರೀಕ್ಷೆಯ ಫಲಿತಾಂಶ ಹಿಡಿದು ನಿಮ್ಮನ್ನು ಪ್ರಶ್ನಿಸುವವರು ಇದ್ದಾರೆ, ಅಲಂಕಾರದ ಒಳಗುಟ್ಟು ಕಲಿಸಿದಿರಾ ಎಂದು ಕೇಳುವವರು ಯಾರೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಇಪ್ಪತ್ತು ಹೆಸರುಗಳನ್ನು ಇಪ್ಪತ್ತು ಬಿಡಿ ಉದಾಹರಣೆಗಳೊಂದಿಗೆ ಕಲಿತ ಮಗು ನೆನಪಿಡಬೇಕಾದದ್ದು ನಲವತ್ತು ಬಿಡಿ ಸಂಗತಿ. ವಾಲಿಯ ಒಂದು ಪ್ರಸಂಗ, ಪೋರ್ಷಿಯಾಳ ಒಂದು ಭಾಷಣ ಸರಿಯಾಗಿ ತಿಳಿದ ಮಗುವಿಗೆ ಆ ಹೆಸರುಗಳಲ್ಲಿ ಹಲವು ಒಂದೇ ಕತೆಯೊಳಗೆ ಕೂತಿರುತ್ತವೆ. ಸಮಯ ಉಳಿತಾಯದ ದೃಷ್ಟಿಯಿಂದಲೇ ನೋಡಿದರೂ ಎರಡನೆಯದು ಲಾಭ. ಅದೂ ಅಲ್ಲದೆ, ಓದದ ಗದ್ಯವೋ ಪದ್ಯವೋ ಪರೀಕ್ಷೆಯಲ್ಲಿ ಬಂದರೆ ಗೈಡಿನ ಉದಾಹರಣೆ ಕೈಕೊಡುತ್ತದೆ. ಮಾತು ಏನು ಮಾಡುತ್ತಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ಅಲ್ಲಿಯೂ ಜತೆಗಿರುತ್ತದೆ.

ಎರಡನೆಯ ಆಕ್ಷೇಪ ಭಾಷೆಯದು: ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ತಂದರೆ ಇರುವ ಇಂಗ್ಲಿಷೂ ಹೋಗುತ್ತದೆ. ನಾನು ಕೇಳುತ್ತಿರುವುದು ಕನ್ನಡದಲ್ಲಿ ಪಾಠ ಮಾಡಿ ಎಂದಲ್ಲ. ಉದಾಹರಣೆ ಕನ್ನಡದ್ದಾಗಲಿ, ಅದರ ಚರ್ಚೆ ಇಂಗ್ಲಿಷಿನಲ್ಲೇ ನಡೆಯಲಿ. ವಾಲಿ ಹೇಳುವ ಬದಲು ಕೇಳಿದ್ದೇಕೆ ಎಂಬುದನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ವಿವರಿಸು ಎಂದರೆ, ಮಗುವಿಗೆ ವಿಷಯ ಕೈವಶ, ಹುಡುಕಬೇಕಾದದ್ದು ಭಾಷೆಯನ್ನು ಮಾತ್ರ. ಈಗ ನಾವು ಮಾಡುತ್ತಿರುವುದು ಅಪರಿಚಿತ ವಿಷಯವನ್ನು ಅಪರಿಚಿತ ಭಾಷೆಯಲ್ಲಿ ಹೇಳು ಎಂದು ಎರಡು ಹೊರೆ ಒಟ್ಟಿಗೆ ಹೊರಿಸುವ ಕೆಲಸ. ಹೀಗೆ ಎರಡು ದಂಡೆಗಳ ನಡುವೆ ಓಡಾಡುವುದು ನಮ್ಮ ನೆಲಕ್ಕೆ ಹೊಸತೂ ಅಲ್ಲ. ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ಕನ್ನಡ ಕಾವ್ಯದಲ್ಲಿ ನವ್ಯದ ದಾರಿ ತೆರೆದ ಅವರ 1954ರ ಸಂಕಲನದ ಹೆಸರು ‘ಚಂಡೆಮದ್ದಳೆ’. ಪಶ್ಚಿಮದ ಹೊಸ ಕಾವ್ಯವನ್ನು ಒಳಹೊಕ್ಕು ಓದಿದ್ದ ಕವಿ ತನ್ನ ಹೊಸ ದನಿಗೆ ಹೆಸರು ಹುಡುಕಿದ್ದು ಊರಿನ ಆಟದ ಚೌಕಿ ರಂಗಸ್ಥಳಗಳ ಕಡೆಯಿಂದ. ಇಂಗ್ಲಿಷ್ ಕಲಿಸುವ ಮನುಷ್ಯನಿಗೆ ಚಂಡೆಯ ಪೆಟ್ಟು ಅಡ್ಡಿಯಾಗಲಿಲ್ಲ.

ಮೂರನೆಯ ಆಕ್ಷೇಪ ಪಂಡಿತರದ್ದು, ಮತ್ತು ಅದು ಸರಿಯಾದದ್ದೇ. ಎರಡು ಪರಂಪರೆಗಳ ಪರಿಭಾಷೆ ಒಂದಕ್ಕೊಂದು ಹೊಂದುವುದಿಲ್ಲ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಅತಿಯಾಗಿ ಹೇಳುವುದು, ಆದ್ದರಿಂದ ಹೈಪರ್ಬೊಲಿಯೇ ಉತ್ಪ್ರೇಕ್ಷೆ ಎಂದು ಬರೆಸಿದರೆ, ಒಂದನ್ನು ಇನ್ನೊಂದೋ ಎಂಬಂತೆ ಕಲ್ಪಿಸುವ ಉತ್ಪ್ರೇಕ್ಷಾಲಂಕಾರವನ್ನು ಕಲಿತ ಮಗು ಕನ್ನಡ ಪತ್ರಿಕೆಯಲ್ಲಿ ತಪ್ಪಿ ಬೀಳುತ್ತದೆ. ಹೈಪರ್ಬೊಲಿಗೆ ಹತ್ತಿರದ್ದು ಅತಿಶಯೋಕ್ತಿ. ಅರ್ಥಾಂತರನ್ಯಾಸಕ್ಕೆ ಇಂಗ್ಲಿಷ್ ಪಟ್ಟಿಯಲ್ಲಿ ಸರಿಜೋಡಿಯೇ ಇಲ್ಲ. ಅದಕ್ಕಾಗಿಯೇ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಸಂಸ್ಕೃತ ಎಂಬ ಹೊಸ ಕೋಷ್ಟಕ ಮಾಡಬೇಡಿ ಎನ್ನುತ್ತೇನೆ. ಒಂದು ಬಾಯಿಪಾಠದ ಜಾಗಕ್ಕೆ ಎರಡು ಬಾಯಿಪಾಠ ಬಂದರೆ ಏನೂ ಸುಧಾರಿಸದು. ಸಂಶಯ ಬಂದಲ್ಲಿ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ತೆರೆದು ನೋಡಬಹುದು, ಕನ್ನಡ ವಿಭಾಗದವರನ್ನು ಕರೆದು ಕೂರಿಸಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ನಾಲ್ಕನೆಯದು. ತರಗತಿಯಲ್ಲಿ ಕೂತವರೆಲ್ಲ ಆಟ ನೋಡಿ ಬೆಳೆದವರಲ್ಲ. ಗಂಗೊಳ್ಳಿ ಕಡೆಯ ಮುಸ್ಲಿಂ ಮನೆಯ ಹುಡುಗಿ, ಚರ್ಚಿನ ಹಾಡು ಕೇಳಿ ಬೆಳೆದ ಹುಡುಗ, ಕೆಲಸ ಹುಡುಕಿ ಬಂದ ಬಯಲುಸೀಮೆಯ ಅಥವಾ ಉತ್ತರದ ರಾಜ್ಯಗಳ ಕುಟುಂಬದ ಮಕ್ಕಳು ಇದ್ದಾರೆ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದದವರೂ ಇದ್ದಾರೆ. ಪುರಾಣದ ಪ್ರಸಂಗವನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಅವರಲ್ಲಿ ಕೆಲವರು ಹೊರಗೆ ಉಳಿದಂತಾಗುತ್ತದೆ. ಇದಕ್ಕೆ ನನ್ನ ಉತ್ತರ ಎರಡು. ತಾಳಮದ್ದಳೆಯಲ್ಲಿ ನಾವು ಎರವಲು ಪಡೆಯಬೇಕಾದದ್ದು ಭಕ್ತಿಯನ್ನಲ್ಲ, ಪದ್ಧತಿಯನ್ನು. ಇವತ್ತು ರಾಮನ ಅರ್ಥ ಹೇಳಿದವನು ನಾಳೆ ವಾಲಿಯ ಅರ್ಥ ಹೇಳುತ್ತಾನೆ, ಎರಡನ್ನೂ ಪೂರ್ತಿ ಶಕ್ತಿಯಿಂದ ಹೇಳುತ್ತಾನೆ. ಎದುರಾಳಿಯ ವಾದವನ್ನು ತನ್ನದೆಂಬಂತೆ ಕಟ್ಟುವ ಈ ಶಿಕ್ಷಣ ಯಾವ ಮತದ ಮಗುವಿಗೂ ಪರಕೀಯವಲ್ಲ. ಜತೆಗೆ, ಮಾತಿನ ಪಟ್ಟುಗಳು ಪ್ರಸಂಗಪುಸ್ತಕದಲ್ಲಿ ಮಾತ್ರ ಇರುವುದಲ್ಲ. ಬಂದರಿನ ಮೀನಿನ ಏಲಂ ಕೂಗುವವನಲ್ಲಿ ಇವೆ, ಶುಕ್ರವಾರದ ಮಸೀದಿಯ, ಭಾನುವಾರದ ಚರ್ಚಿನ ಪ್ರವಚನದಲ್ಲಿ ಇವೆ, ಗ್ರಾಮಸಭೆಯ ಜಗಳದಲ್ಲಿ ಇವೆ. ತಡವಾಗಿ ಮನೆಗೆ ಬಂದ ಮಗನಿಗೆ, ಇದ್ ಬಪ್ಪು ಹೊತ್ತಾ ಎಂದು ಅಮ್ಮ ಕೇಳುವುದು ಗಂಟೆ ಎಷ್ಟೆಂದು ತಿಳಿಯಲಿಕ್ಕಲ್ಲ. ಎಲ್ಲ ಮನೆಗಳಲ್ಲೂ, ಎಲ್ಲ ಭಾಷೆಗಳಲ್ಲೂ ಆ ಅಮ್ಮ ಇದ್ದಾಳೆ. ವಾಲಿಯಿಂದ ಶುರು ಮಾಡಿ, ಆದರೆ ಪ್ರತಿ ಮಗುವೂ ತನ್ನ ಮನೆ ಬೀದಿಗಳಿಂದ ಒಂದು ಮಾತು ತರುವಂತೆ ಮಾಡಿ.

ಅರ್ಥಗಾರಿಕೆಯನ್ನು ನಾನು ದೋಷವಿಲ್ಲದ ಕಲೆ ಎಂದು ಎತ್ತಿ ಹಿಡಿಯುತ್ತಿಲ್ಲ. ಮಾತು ಹಿಗ್ಗಿ ಹಿಗ್ಗಿ ಪದ್ಯವನ್ನೂ ಪಾತ್ರವನ್ನೂ ನುಂಗುವುದು ಅಲ್ಲಿ ಅಪರೂಪವಲ್ಲ. ಪಕ್ಕದ ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನೇ ಕೈಬಿಟ್ಟು ಹಾಡು, ಕುಣಿತಗಳನ್ನು ನೆಚ್ಚಿಕೊಂಡರು. ಅವರ ಆ ನಿಲುವನ್ನೂ ತರಗತಿಗೆ ತರಬೇಕು. ಈ ಹೋಲಿಕೆ ಇಲ್ಲಿ ಬೇಕಿತ್ತೇ, ಇದು ವಾದವನ್ನು ಮುಂದಕ್ಕೆ ತಳ್ಳಿತೇ ಅಥವಾ ಹೇಳುವವನ ಜಾಣ್ಮೆ ಮೆರೆಸಿತೇ ಎಂದು ಕೇಳಲು ಕಲಿತ ಮಗು ಇಂಗ್ಲಿಷ್ ಪದ್ಯವನ್ನೂ ಅದೇ ಕಣ್ಣಿನಿಂದ ಓದುತ್ತದೆ. ಕೆಲವು ವರ್ಷ ಕಳೆದು ಮತ ಹಾಕಲು ಹೊರಟಾಗ ವೇದಿಕೆಯ ಭಾಷಣವನ್ನೂ, ಮೊಬೈಲಿಗೆ ಬಂದು ಬೀಳುವ ಸಂದೇಶವನ್ನೂ ಅದೇ ಕಿವಿಯಿಂದ ಕೇಳುತ್ತದೆ.

ಮಾಡುವುದು ಹೇಗೆಂದು ನೀವು ಕೇಳಿದರೆ, ಸಾಮಗ್ರಿ ನಿಮ್ಮ ಕೈಯಳತೆಯಲ್ಲೇ ಇದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಜಿಲ್ಲೆಯ ಅನೇಕ ಹೈಸ್ಕೂಲುಗಳ ಮಕ್ಕಳು ಯಕ್ಷಗಾನ ಕಲಿಯುತ್ತಿದ್ದಾರೆ. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಎದುರುಬದುರು ಕೂತು ಅರ್ಥ ಹೇಳಿದ ಮಕ್ಕಳು ನಿಮ್ಮ ಬೆಂಚುಗಳಲ್ಲೇ ಇರಬಹುದು. ಅಂಥ ಇಬ್ಬರನ್ನು ಎಬ್ಬಿಸಿ ಹತ್ತು ನಿಮಿಷ ವಾದ ಮಾಡಿಸಿ. ಆಮೇಲೆ ವಾಲಿಯ ಪ್ರಶ್ನೆಯನ್ನೂ ಅದರ ಸಪ್ಪೆ ರೂಪವನ್ನೂ ಅಕ್ಕಪಕ್ಕ ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದು, ಎರಡನೆಯದರಲ್ಲಿ ಏನು ಕಳೆದುಹೋಯಿತೆಂದು ಕೇಳಿ. ಇಷ್ಟಾದ ಮೇಲೆ ಪೋರ್ಷಿಯಾಳನ್ನು ತೆರೆಯಿರಿ, ಶೈಲಾಕನ ಪ್ರಶ್ನೆಯಿಂದಲೇ ತೆರೆಯಿರಿ. ಬೋರ್ಡಿನ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ನೀವೇ ತ‍ಯಾರಿಸುವ ಕಿರುಪರೀಕ್ಷೆಯ ಪತ್ರಿಕೆ ನಿಮ್ಮದೇ. ಮುಂದಿನ ಸಲ ಅದರಲ್ಲಿ, ಈ ಸಾಲಿನಲ್ಲಿರುವ ಅಲಂಕಾರ ಯಾವುದು ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ, ಈ ಮಾತನ್ನು ಯಾರು, ಯಾರಿಗೆ, ಏನು ಮಾಡಿಸಲೆಂದು ಆಡಿದರು ಎಂದು ಕೇಳಿ, ಅದಕ್ಕೆ ಎರಡು ಅಂಕ ಇಡಿ ಎಂಬುದು ನನ್ನ ಕೋರಿಕೆ.

ಇಂತಿ,
ಕೋಟೇಶ್ವರದ ಒಬ್ಬ ಓದುಗ